ಒಡೆಯರು ಬದಲಾದ ಮೇಲೆ ಆಜೀವ ವಾರಂಟಿ: ಕ್ರಾಫ್ಟ್ಸ್‌ಮನ್, ಹಸ್ಕಿ ಮತ್ತು ಇನ್ನೊಂದು

ಅಮೆರಿಕದಲ್ಲಿದ್ದುಕೊಂಡು ಕಾರಿನ ರಿಪೇರಿಯನ್ನು ತಾವೇ ಮಾಡಿಕೊಳ್ಳುವ ಕನ್ನಡಿಗರು ನನಗೆ ಹೆಚ್ಚಾಗಿ ಕೇಳುವುದು ಒಂದೇ: ಆಜೀವ ವಾರಂಟಿ ಎಂದು ಮಾರಿದ್ದ ಸಿಯರ್ಸ್ ಕಾಲದ ಕ್ರಾಫ್ಟ್ಸ್‌ಮನ್ ಉಪಕರಣ ಮುರಿದರೆ ಈಗಲೂ ಬದಲಿಸಿ ಕೊಡುತ್ತಾರಾ?

ಕೊಡುತ್ತಾರೆ. 1927ರಿಂದ ಸಿಯರ್ಸ್ ಮಳಿಗೆಯದೇ ಆಗಿದ್ದ ಈ ಬ್ರ್ಯಾಂಡನ್ನು 2017ರಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಸುಮಾರು 90 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷವೇ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. ವಾರಂಟಿಯ ಹೊಣೆ ಮಾತ್ರ ಹೊಸ ಒಡೆಯರ ಜೊತೆ ಉಳಿಯಿತು. ಬಹಳ ವರ್ಷ ದುಡಿದು ಒಳಗಿನ ಹಲ್ಲು ಸವೆದಿದ್ದ, ಹಿಡಿಯನ್ನು ಹಿಂದೆಮುಂದೆ ಆಡಿಸಿ ಬೋಲ್ಟು ತಿರುಗಿಸುವ ನನ್ನ ರ‍್ಯಾಚೆಟ್ಟನ್ನು ಈಗ ಈ ಬ್ರ್ಯಾಂಡನ್ನು ಮಾರುವ ಲೋವ್ಸ್ ಅಂಗಡಿಯ ಕೌಂಟರಿನಲ್ಲಿಟ್ಟೆ; ರಸೀದಿ ಕೇಳದೆ ಅದೇ ಅಳತೆಯ ಹೊಸದನ್ನು ಕೊಟ್ಟರು.

ಆದರೆ ಬಂದದ್ದು ಹಳೆಯದರ ಜೋಡಿಯಲ್ಲ. ಹಳೆಯದರೊಳಗೆ 36 ಹಲ್ಲು, ಅಂದರೆ ಒಂದು ಟಕ್‌ಗೆ ಹಿಡಿ ಹತ್ತು ಡಿಗ್ರಿ ತಿರುಗಬೇಕು. ಹೊಸದಕ್ಕೆ 72, ಐದೇ ಡಿಗ್ರಿ ಸಾಕು. ಎಂಜಿನ್ ಪಕ್ಕದ ಇಕ್ಕಟ್ಟಿನಲ್ಲಿ ಬೋಲ್ಟು ಬಿಚ್ಚುವವರಿಗೆ ಇದು ದೊಡ್ಡ ಲಾಭ. ಹಳೆಯದರ ತೂಕ, ಕೈಗೆ ಕೂರುವ ರೀತಿ ನನಗೆ ಇಂದಿಗೂ ಹೆಚ್ಚು ಇಷ್ಟ. ಹಾಗಾಗಿ ನನ್ನ ಸಲಹೆ: ರ‍್ಯಾಚೆಟ್ ಜಾರುತ್ತಿದೆ ಎಂದ ಕೂಡಲೇ ಬದಲಿಸಲು ಓಡಬೇಡಿ. ಹಿಂದಿನ ತಗಡಿನ ಸ್ಕ್ರೂ ಬಿಚ್ಚಿ, ಒಣಗಿದ ಗ್ರೀಸ್ ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಇನ್ನು ಹಸ್ಕಿ. ಇದೂ ಒಂದು ಕಾಲಕ್ಕೆ ಸ್ಟ್ಯಾನ್ಲಿ ಕೈಯಲ್ಲಿತ್ತು, ಈಗ ಹೋಮ್ ಡಿಪೋ ಎಂಬ ಅಂಗಡಿ ಸರಣಿಯದ್ದೇ. ಮಾರುವವರೂ ಅವರೇ, ಬದಲಿಸುವವರೂ ಅವರೇ. ತುದಿ ಸವೆದ ಸ್ಕ್ರೂಡ್ರೈವರ್ ಒಯ್ದಾಗ ಮಾತೇ ಬೇಕಾಗಲಿಲ್ಲ. ಲೋವ್ಸ್‌ನ ಸ್ವಂತ ಬ್ರ್ಯಾಂಡ್ ಕೋಬಾಲ್ಟ್ ಕೂಡ ಇದೇ ಜಾತಿ: 1998ರಿಂದೀಚೆಗೆ ತಯಾರಿಸಿ ಕೊಡುವ ಕಂಪನಿಗಳು ಬದಲಾಗಿವೆ, ಕೌಂಟರ್ ಬದಲಾಗಿಲ್ಲ.

ತಲೆಬರಹದಲ್ಲಿ ‘ಇನ್ನೊಂದು’ ಎಂದೆನಲ್ಲ, ಅದರ ಹೆಸರು ಬೇಡ. ಮೆಕ್ಯಾನಿಕ್‌ಗಳು ಮೆಚ್ಚುವ ಹಳೆಯ ಕಂಪನಿ, ಕೈಯಿಂದ ಕೈಗೆ ಮಾರಾಟವಾಗಿದೆ. ಉಕ್ಕು ಇದರಲ್ಲೂ ಉತ್ತಮ. ಆದರೆ ಒಯ್ದು ಕೊಡಲು ಅಂಗಡಿಯೇ ಇಲ್ಲ. ಫೋಟೋ ಕಳಿಸು, ಫಾರಂ ತುಂಬು, ಕಾಯಿ. ಕೊನೆಗೆ ಆ ಮಾದರಿ ನಿಂತುಹೋಗಿದೆ ಎಂಬ ಉತ್ತರ, ಬದಲಿಗೆ ಬೇರೊಂದು ಅಳತೆಯ ಪಾನಾ. ಆಜೀವ ಎಂದು ಅಚ್ಚು ಹಾಕಿದವರು ಇಷ್ಟಕ್ಕೆ ಕೈತೊಳೆದುಕೊಳ್ಳಬಾರದು.

ಕೌಂಟರ್ ಇದ್ದರೂ ಒಂದು ತೊಡಕಿದೆ. ಶೆಲ್ಫಿನಲ್ಲಿ ಬಿಡಿಯಾಗಿ ಸಿಗುವುದನ್ನು ಸುಲಭವಾಗಿ ಬದಲಿಸುತ್ತಾರೆ; ಸೆಟ್ಟಿನೊಳಗಿನ ಒಂದೇ ಸಾಕೆಟ್ (ಬೋಲ್ಟಿನ ತಲೆಗೆ ಕೂರುವ ಬಟ್ಟಲು) ಒಡೆದರೆ ಕಂಪನಿಗೇ ಫೋನ್ ಮಾಡಬೇಕಾಗಬಹುದು. ಬೋಲ್ಟನ್ನು ಗೊತ್ತುಪಡಿಸಿದಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚಿಗೆ ಸಾಮಾನ್ಯವಾಗಿ ಆಜೀವ ವಾರಂಟಿ ಇರುವುದಿಲ್ಲ, ಕೊಳ್ಳುವಾಗಲೇ ಓದಿಕೊಳ್ಳಿ.

ಇವತ್ತು ಹೊಸದಾಗಿ ಕೊಳ್ಳುವುದಾದರೆ ನಾನು ಹಸ್ಕಿಯನ್ನೇ ಆರಿಸುತ್ತೇನೆ. ಹಳೆಯ ಕ್ರಾಫ್ಟ್ಸ್‌ಮನ್ ಇದ್ದವರು ಅದನ್ನು ಗುಜರಿಗೆ ಹಾಕಬೇಡಿ. ಊರಿಗೆ ಮರಳಲು ಪೆಟ್ಟಿಗೆ ಕಟ್ಟುತ್ತಿರುವವರು ಸವೆದದ್ದನ್ನೆಲ್ಲ ಹೊರಡುವ ಮೊದಲೇ ಬದಲಿಸಿಕೊಳ್ಳಿ. ಹುಬ್ಬಳ್ಳಿಯಲ್ಲಾಗಲಿ ಮೈಸೂರಿನಲ್ಲಾಗಲಿ ಹೋಮ್ ಡಿಪೋ ಇಲ್ಲ.