ಸಾಕುನಾಯಿಯ ವರ್ತನೆ ಸಲಹೆಗಾರರು: ಮೂವರ ಸೇವೆ, ಮೂವರ ಹಿನ್ನೆಲೆ

ನಮ್ಮ ಮನೆಯ ನಾಯಿ ಗೌರಿಯ ಸಲುವಾಗಿ ಕಳೆದ ಒಂದೂವರೆ ವರ್ಷದಲ್ಲಿ ನಾವು ಬೆಂಗಳೂರಿನ ಮೂವರನ್ನು ಮನೆಗೆ ಕರೆಸಿದೆವು. ಮೂವರೂ ತಮ್ಮನ್ನು ಡಾಗ್ ಬಿಹೇವಿಯರಿಸ್ಟ್, ಅಂದರೆ ನಾಯಿಯ ವರ್ತನೆಯ ಸಲಹೆಗಾರ ಎಂದೇ ಪರಿಚಯಿಸಿಕೊಂಡರು. ಒಬ್ಬರು ಅರೆಸೇನಾ ಪಡೆಯೊಂದರ ಶ್ವಾನದಳದಿಂದ ನಿವೃತ್ತರಾದವರು, ಇನ್ನೊಬ್ಬರು ಸಾಫ್ಟ್‌ವೇರ್ ಕೆಲಸ ಬಿಟ್ಟು ಆನ್‌ಲೈನ್ ಕೋರ್ಸ್ ಮಾಡಿಕೊಂಡು ಬಂದವರು, ಮತ್ತೊಬ್ಬರು ಪಶುವೈದ್ಯೆ. ಒಂದೇ ನಾಯಿಯ ಒಂದೇ ತೊಂದರೆಯನ್ನು ಮೂವರು ಮೂರು ಬಗೆಯಾಗಿ ಕಂಡರು. ಯಾರು ಏನನ್ನು ಕಂಡರು ಎಂಬುದು ಅವರವರು ಪಳಗಿದ ಜಾಗದಿಂದಲೇ ಬಂದಿತ್ತು. ಈ ಸೇವೆಗೆ ಹಣ ಕೊಡುವ ಮುನ್ನ ಏನನ್ನು ವಿಚಾರಿಸಬೇಕೆಂಬುದು ನಮಗೆ ತಡವಾಗಿ ತಿಳಿಯಿತು. ನಾಯಿ ಸಾಕಿರುವ ಇತರರಿಗೆ ಅದು ಬೇಗ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಇಲ್ಲಿ ಹಾಕಿಲ್ಲ.

ಗೌರಿ ಬೀದಿಯಲ್ಲಿ ಹುಟ್ಟಿದ ನಾಯಿ. ನಾಲ್ಕು ತಿಂಗಳ ಮರಿಯಾಗಿದ್ದಾಗ ಗೌರಿಹಬ್ಬದ ಹಿಂದಿನ ದಿನ ನಮ್ಮ ಮನೆಗೆ ಬಂದಳು. ಮೂರು ವರ್ಷ ತುಂಬುವವರೆಗೆ ಅವಳಿಂದ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ, ಮಲಗಿರುವಾಗ ಯಾರಾದರೂ ಹತ್ತಿರ ಬಂದರೆ ಗುರುಗುಟ್ಟುವುದು ಶುರುವಾಯಿತು. ಮೊದಮೊದಲು ಸೋಫಾದ ಪಕ್ಕದಲ್ಲಿ ಮಲಗಿದ್ದಾಗ ಮಾತ್ರ ಹೀಗೆ ಮಾಡುತ್ತಿದ್ದವಳು ಕ್ರಮೇಣ ಅಡುಗೆಮನೆಯ ಬಾಗಿಲಲ್ಲಿ, ಮೆಟ್ಟಿಲ ಬುಡದಲ್ಲಿ, ಕೊನೆಗೆ ಹಗಲೆಲ್ಲ ಅವಳ ಜೊತೆಗಿದ್ದು ಊಟ ಹಾಕುವ ನಮ್ಮ ಅತ್ತೆಯವರ ಮೇಲೂ ಗುರುಗುಟ್ಟತೊಡಗಿದಾಗ, ಇದು ತಾನಾಗಿ ಸರಿಹೋಗುವ ವಿಷಯವಲ್ಲವೆಂದು ನಮಗೆ ಮನವರಿಕೆಯಾಯಿತು.

ನಮ್ಮ ದೇಶದಲ್ಲಿ ಪಶುವೈದ್ಯರಾಗಿ ಕೆಲಸ ಮಾಡಲು ಐದೂವರೆ ವರ್ಷಗಳ ಬಿ.ವಿ.ಎಸ್ಸಿ. ಪದವಿ ಬೇಕು, 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯಡಿ ನೋಂದಣಿಯೂ ಆಗಬೇಕು. ಆದರೆ ನಾಯಿಯ ವರ್ತನೆಯ ಬಗ್ಗೆ ಸಲಹೆ ಕೊಡುವವರಿಗೆ ಅಂಥ ಯಾವ ಪರವಾನಗಿಯೂ ಇಲ್ಲ. ಇಂದು ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡವರು ನಾಳೆಯಿಂದಲೇ ಸಲಹೆಗಾರರಾಗಬಹುದು. ಆದ್ದರಿಂದ ಒಬ್ಬ ಸಲಹೆಗಾರರ ಯೋಗ್ಯತೆಯನ್ನು ಅಳೆಯಲು ಗ್ರಾಹಕರ ಬಳಿ ಉಳಿಯುವ ಸಾಧನವೆಂದರೆ ಅವರ ಹಿನ್ನೆಲೆ ಮಾತ್ರ. ನಾವು ಅದನ್ನು ಕೇಳುವ ಗೋಜಿಗೇ ಹೋಗದೆ, ಪರಿಚಯದವರು ಹೇಳಿದರೆಂದು ಮೊದಲನೆಯವರಿಗೆ ಫೋನ್ ಮಾಡಿದೆವು.

ಅವರ ಕೈಹಿಡಿತವನ್ನೂ ಶಿಸ್ತನ್ನೂ ನಾನು ಇಂದಿಗೂ ಗೌರವಿಸುತ್ತೇನೆ. ಬೆಂಗಳೂರಿನಲ್ಲಿ ನಾಯಿ ತರಬೇತುದಾರರಾಗಿರುವ ಅನೇಕರು ಇವರ ಹಾಗೆಯೇ ಪೊಲೀಸ್ ಅಥವಾ ಅರೆಸೇನಾ ಪಡೆಗಳ ಶ್ವಾನದಳಗಳಿಂದ ಬಂದವರು. ನಗರದ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ಸಂವರ್ಧನೆ ಮತ್ತು ತರಬೇತಿ ಶಾಲೆಯೇ ಇದೆ. ಸೇನೆಯ ನಾಯಿಗಳು ಮೀರತ್‌ನಲ್ಲಿ, ಗಡಿ ಭದ್ರತಾ ಪಡೆಯ ನಾಯಿಗಳು ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ ತರಬೇತಿ ಪಡೆಯುತ್ತವೆ. ಅಲ್ಲಿ ಕೆಲಸಕ್ಕೆ ಯೋಗ್ಯವಾದ ಮರಿಗಳನ್ನು ಆರಿಸಿಕೊಳ್ಳುತ್ತಾರೆ, ಅವುಗಳಿಗೆ ಗೊತ್ತಾದ ಹ್ಯಾಂಡ್ಲರ್ ಇರುತ್ತಾರೆ, ಆರೋಗ್ಯವನ್ನು ಪಡೆಯ ವೈದ್ಯರು ನೋಡಿಕೊಳ್ಳುತ್ತಾರೆ. ಹೀಗೆ ಎಲ್ಲವೂ ಸರಿಯಿರುವ ನಾಯಿ ಹೇಳಿದ ಮಾತು ಕೇಳದಿದ್ದರೆ ಅದನ್ನು ಕಲಿಕೆಯ ಕೊರತೆ ಎಂದು ಎಣಿಸುವುದು ಸಹಜವೇ. ನಮ್ಮ ಮನೆಯಲ್ಲಿದ್ದದ್ದು ಆರಿಸಿ ತಂದ ನಾಯಿಯಲ್ಲ. ಅವಳ ಸುತ್ತ ಐದು ಜನರಿದ್ದೆವು, ಜೊತೆಗೆ ಕುಕ್ಕರಿನ ಸೀಟಿ, ಟಿವಿ, ಶಾಲೆ ಬಿಟ್ಟು ಓಡಿಬರುವ ಮಗ.

ಎರಡೇ ವಾರದಲ್ಲಿ ಗೌರಿ ಕೂರುವುದನ್ನು, ನಿಲ್ಲುವುದನ್ನು, ನಮ್ಮ ಎಡಗಾಲಿನ ಪಕ್ಕದಲ್ಲೇ ನಡೆಯುವುದನ್ನು ಅಚ್ಚುಕಟ್ಟಾಗಿ ಕಲಿತಳು. ಗುರುಗುಟ್ಟಿದಾಗಲೆಲ್ಲ ಚೋಕ್ ಚೈನನ್ನು (ಎಳೆದರೆ ಕೊರಳಿಗೆ ಬಿಗಿಯುವ ಸರಪಳಿ) ಚುರುಕಾಗಿ ಜಗ್ಗಿ ಬಿಡಬೇಕು, ಮನೆಯ ಯಜಮಾನರು ಯಾರೆಂದು ಅವಳಿಗೆ ಗೊತ್ತಾಗಬೇಕು ಎಂದು ಅವರು ಹೇಳಿದರು. ನಾವೂ ಹಾಗೆಯೇ ಮಾಡಿದೆವು. ಗುರುಗುಟ್ಟುವುದು ನಿಂತಿತು. ಆರನೆಯ ವಾರದ ಒಂದು ಸಂಜೆ ಮಗ ಬಗ್ಗಿ ಅವಳ ಬೆನ್ನು ಸವರಲು ಹೋದಾಗ, ಒಂದಿಷ್ಟೂ ಸದ್ದು ಮಾಡದೆ ತಿರುಗಿ ಅವನ ಮಣಿಕಟ್ಟನ್ನು ಕಚ್ಚಿದಳು. ಎರಡು ಹಲ್ಲು ಚರ್ಮಕ್ಕೆ ಇಳಿದಿದ್ದವು. ಅವಳಿಗೆ ರೇಬೀಸ್ ಲಸಿಕೆ ಆಗಿತ್ತಾದರೂ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋದೆವು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಎಚ್ಚರಿಕೆ ಕೊಟ್ಟದ್ದಕ್ಕೇ ಶಿಕ್ಷೆಯಾಗುತ್ತ ಹೋದರೆ ನಾಯಿ ಎಚ್ಚರಿಸುವುದನ್ನು ಬಿಡುತ್ತದೆ, ಎಚ್ಚರಿಸಲು ಇದ್ದ ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ಇದನ್ನು ನಾವು ಮಗನ ಕೈಯ ಮೇಲೆ ನೋಡಿ ಕಲಿಯಬೇಕಾಯಿತು.

ಆ ಯಜಮಾನಿಕೆಯ ಮಾತಿನ ಬೇರು ಬಹಳ ಹಳೆಯದು. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಆವರಣದೊಳಗೆ ಕೂಡಿಹಾಕಿದ್ದ ತೋಳಗಳನ್ನು ಗಮನಿಸಿ, ಅವು ಗುಂಪಿನಲ್ಲಿ ಮೇಲುಗೈಗಾಗಿ ಸೆಣಸುತ್ತವೆ ಎಂದು 1947ರಲ್ಲಿ ಬರೆದದ್ದನ್ನು ಮುಂದಿನವರು ಮನೆಯ ನಾಯಿಗೂ ಅನ್ವಯಿಸಿದರು. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಸಂಸಾರವೆಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ತೋರಿಸಿಕೊಟ್ಟರು. ಅಮೆರಿಕದ ಪಶುವೈದ್ಯಕೀಯ ವರ್ತನಾಶಾಸ್ತ್ರ ಸಂಘವು 2008ರಲ್ಲೇ ಈ ಸಿದ್ಧಾಂತದ ದುರ್ಬಳಕೆಯನ್ನು ವಿರೋಧಿಸಿ ಹೇಳಿಕೆ ಹೊರಡಿಸಿದೆ. ನಮ್ಮಲ್ಲಿ ಅದು ಇಂದಿಗೂ ಮನೆಮನೆಗೆ ಸಲಹೆಯಾಗಿ ತಲುಪುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಎರಡನೆಯವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚೈನನ್ನು ಅಂದೇ ತೆಗೆಸಿ ಎದೆಪಟ್ಟಿ ಹಾಕಿಸಿದರು, ಬಟ್ಟೆಯ ಮಡಿಕೆಗಳಲ್ಲಿ ತಿಂಡಿ ಅಡಗಿಸಿ ಮೂಸಿ ಹುಡುಕುವ ಆಟ ಕಲಿಸಿದರು, ಗೌರಿಯನ್ನು ಪ್ರೀತಿಯಿಂದ ನೋಡಿದರು. ಆದರೆ ಕೊಟ್ಟ ಯೋಜನೆ ಯಾವ ನಾಯಿಗಾದರೂ ಸಲ್ಲುವಂಥದ್ದು. ಅವಳ ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೂರನೆಯ ಭೇಟಿಯ ಕೊನೆಯಲ್ಲಿ ಅವರೇ, "ಮೇಡಂ, ಇದು ನನ್ನ ಕೈಮೀರಿದ್ದು. ಸುಮ್ಮನೆ ನಿಮ್ಮ ದುಡ್ಡು ತಗೊಳ್ಳೋದು ಸರಿಯಲ್ಲ" ಎಂದು ಹೇಳಿ, ನಾಲ್ಕನೆಯ ಭೇಟಿಗೆ ಮುಂಗಡವಾಗಿ ಪಡೆದಿದ್ದ ಹಣವನ್ನು ಹಿಂದಿರುಗಿಸಿ, ಪಶುವೈದ್ಯೆಯ ನಂಬರ್ ಕೊಟ್ಟರು. ತಮ್ಮ ಮಿತಿಯನ್ನು ಹೀಗೆ ಬಾಯಿಬಿಟ್ಟು ಹೇಳುವ ಸಲಹೆಗಾರರನ್ನು ನಾನು ಯಾರಿಗಾದರೂ ಶಿಫಾರಸು ಮಾಡುತ್ತೇನೆ.

ಮೂರನೆಯವರು ಸಾಕುಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಎಂಟು ವರ್ಷ ಚಿಕಿತ್ಸೆ ನೀಡಿ, ಆಮೇಲೆ ವರ್ತನಾಶಾಸ್ತ್ರವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿದವರು. ಮನೆಗೆ ಬರುವ ಒಂದು ವಾರ ಮೊದಲೇ ಏಳು ಪುಟಗಳ ಪ್ರಶ್ನಾವಳಿ ಕಳುಹಿಸಿದರು. ಗೌರಿ ಎಷ್ಟು ಹೊತ್ತು ಮಲಗುತ್ತಾಳೆ, ಯಾವ ಮಗ್ಗುಲಿಗೆ ಮಲಗುತ್ತಾಳೆ, ಮೆಟ್ಟಿಲು ಹತ್ತುವಾಗ ಮೊದಲು ಯಾವ ಕಾಲು ಇಡುತ್ತಾಳೆ, ಗುರುಗುಟ್ಟುವುದು ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಅವಳು ಸಿಟ್ಟಾದ ವಿಡಿಯೊ ಬೇಡ, ಸುಮ್ಮನೆ ನಡೆದಾಡುವ ವಿಡಿಯೊ ಬೇಕು ಎಂದರು.

ಬಂದ ದಿನ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು. ಗೌರಿಯ ಕಡೆಗೆ ತಿರುಗಿಯೂ ನೋಡದೆ ನಮ್ಮೊಂದಿಗೆ ಮಾತನಾಡುತ್ತ ಇಪ್ಪತ್ತು ನಿಮಿಷ ಕಳೆದರು. ಗೌರಿ ದೂರದಿಂದ ಮೂಸಿದಳು, ಆಕಳಿಸಿದಳು, ಎರಡು ಬಾರಿ ಮೂತಿ ನೆಕ್ಕಿಕೊಂಡಳು, ಬಳಿಕ ಹತ್ತಿರ ಬಂದು ಅವರ ಚೀಲವನ್ನು ಮೂಸಿ ಕುಳಿತಳು. ಆಗ ಅವರು ಮಾತನ್ನು ಅರ್ಧಕ್ಕೇ ನಿಲ್ಲಿಸಿ, "ಯಾವಾಗಲೂ ಹೀಗೇ ಕೂರ್ತಾಳಾ?" ಎಂದು ಕೇಳಿದರು. ಅವಳ ಹಿಂದಿನ ಬಲಗಾಲು ಹೊಟ್ಟೆಯ ಕೆಳಗೆ ಸರಿಯಾಗಿ ಮಡಚಿತ್ತು. ಹಿಂದಿನ ಎಡಗಾಲು ಪಕ್ಕಕ್ಕೆ ಚಾಚಿಕೊಂಡಿತ್ತು. ನಾವು ಆ ಭಂಗಿಯನ್ನು ಸಾವಿರ ಸಲ ನೋಡಿದ್ದೆವು, ಮುದ್ದಾಗಿದೆಯೆಂದು ಫೋಟೊ ಕೂಡ ತೆಗೆದಿದ್ದೆವು. ಅವರು ಅಂದು ಯಾವ ತರಬೇತಿಯನ್ನೂ ಕೊಡದೆ, ಎಕ್ಸ್‌-ರೇ ತೆಗೆಸಲು ಚೀಟಿ ಬರೆದುಕೊಟ್ಟು ಹೋದರು.

ಮರಿಯಾಗಿದ್ದಾಗ ಯಾವುದೋ ವಾಹನ ತಗುಲಿ ಆದ ಪೆಟ್ಟಿರಬೇಕು, ಎಡಸೊಂಟದ ಕೀಲು ಸವೆದಿತ್ತು. ಹಾಗಾದರೆ ಗೌರಿ ಇಷ್ಟು ದಿನ ಹೇಳುತ್ತಿದ್ದುದು ನೋವಾಗುತ್ತದೆ, ಮುಟ್ಟಬೇಡಿ ಎಂಬುದನ್ನೇ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಹೋದ್ಯೋಗಿಗಳು 2020ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ವರ್ತನೆಯ ತೊಂದರೆಯೆಂದು ತಜ್ಞರ ಬಳಿಗೆ ಬರುವ ಪ್ರಾಣಿಗಳಲ್ಲಿ ಕಡಿಮೆಯೆಂದರೂ ಮೂರರಲ್ಲಿ ಒಂದಕ್ಕೆ ದೇಹದ ನೋವಿನ ನಂಟಿರುತ್ತದೆ. ಕೆಲವು ಕಡೆ ಈ ಪ್ರಮಾಣ ಶೇ. 80ರ ಹತ್ತಿರಕ್ಕೂ ಹೋಗಬಹುದು. ಬ್ರಿಟನ್ನಿನಲ್ಲಿ 1989ರಲ್ಲಿ ಸ್ಥಾಪನೆಯಾದ ಸಾಕುಪ್ರಾಣಿ ವರ್ತನೆ ಸಲಹೆಗಾರರ ಸಂಘದ ಸದಸ್ಯರು ಪಶುವೈದ್ಯರು ನೋಡಿ ಕಳುಹಿಸಿದ ಪ್ರಾಣಿಗಳನ್ನು ಮಾತ್ರ ತೆಗೆದುಕೊಳ್ಳುವ ನಿಯಮ ಇಟ್ಟುಕೊಂಡಿರುವುದು ಏಕೆಂದು ನನಗೆ ಆ ಎಕ್ಸ್‌-ರೇ ಹಿಡಿದುಕೊಂಡಾಗ ಅರ್ಥವಾಯಿತು. ಸಲಹೆಗಾರರು ತಾವೇ ವೈದ್ಯರಾಗಿರಬೇಕೆಂದೇನೂ ಇಲ್ಲ, ಆದರೆ ವೈದ್ಯರ ತಪಾಸಣೆಯಾಗದೆ ಕೆಲಸ ಶುರುಮಾಡಬಾರದು.

ಹೊರದೇಶಗಳಲ್ಲಿ ಈ ವೃತ್ತಿಗೆ ಬರುವ ದಾರಿಗಳು ಬೇರೆಬೇರೆ, ಮತ್ತು ಅವುಗಳ ಹೆಸರುಗಳೂ ಬೇರೆಬೇರೆ. ಅಮೆರಿಕದಲ್ಲಿ ಪಶುವೈದ್ಯಕೀಯ ಪದವಿಯ ನಂತರ ತಜ್ಞರ ಕೈಕೆಳಗೆ ವರ್ಷಗಟ್ಟಲೆ ರೆಸಿಡೆನ್ಸಿ ಮುಗಿಸಿ ಪರೀಕ್ಷೆ ಪಾಸಾದವರು ಪಶುವೈದ್ಯಕೀಯ ವರ್ತನಾತಜ್ಞರು. ಅದಕ್ಕೆಂದೇ 1993ರಿಂದ ಪ್ರತ್ಯೇಕ ತಜ್ಞಮಂಡಳಿ ಇದೆ. ಪ್ರಾಣಿವರ್ತನೆಯಲ್ಲಿ ಪಿಎಚ್.ಡಿ. ಮಾಡಿದವರಿಗೆ ಅಲ್ಲಿನ ಪ್ರಾಣಿವರ್ತನಾ ಸಂಘವು ಬೇರೊಂದು ಪ್ರಮಾಣಪತ್ರ ಕೊಡುತ್ತದೆ. 2001ರಲ್ಲಿ ಆರಂಭವಾದ ತರಬೇತುದಾರರ ಪ್ರಮಾಣೀಕರಣ ಮಂಡಳಿಯ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ 300 ಗಂಟೆ ನಾಯಿಗಳಿಗೆ ಕಲಿಸಿದ ಅನುಭವ ತೋರಿಸಬೇಕು. ಇಯಾನ್ ಡನ್‌ಬಾರ್ ಅವರಂತೆ ಲಂಡನ್ನಿನಲ್ಲಿ ಪಶುವೈದ್ಯಕೀಯ ಓದಿ, ಬರ್ಕ್‌ಲಿಯಲ್ಲಿ ಮನಶ್ಶಾಸ್ತ್ರದ ಡಾಕ್ಟರೇಟ್ ಪಡೆದು, ಕೊನೆಗೆ ನಾಯಿಮರಿಗಳ ತರಗತಿ ತೆರೆದವರೂ ಇದ್ದಾರೆ. ಕ್ಯಾರೆನ್ ಪ್ರಯರ್ ಅವರಂತೆ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಕಲಿಸಿದ್ದನ್ನು ನಾಯಿಗಳ ಕಡೆಗೆ ತಂದವರೂ ಇದ್ದಾರೆ. ನಮ್ಮ ದೇಶದಲ್ಲಿ ನಾಯಿ ವರ್ತನೆಯ ಸಲಹೆಗಾರ್ತಿ, ಮುಂಬೈನ ಶಿರೀನ್ ಮರ್ಚೆಂಟ್ ಇಂಗ್ಲೆಂಡಿಗೆ ಹೋಗಿ ನಾಯಿ ತರಬೇತುದಾರ ಜಾನ್ ರಾಜರ್ಸನ್ ಅವರ ಬಳಿ ಕಲಿತು ಬಂದರು. ನಮ್ಮ ಬೆಂಗಳೂರಿನವರೇ ಆದ ಸಿಂಧೂರ್ ಪಂಗಲ್ ಬೀದಿನಾಯಿಗಳ ದಿನಚರಿಯನ್ನು ಅಧ್ಯಯನ ಮಾಡುತ್ತ, ಇತರರಿಗೂ ಕಲಿಸುತ್ತ ಬಂದಿದ್ದಾರೆ. ಬೀದಿನಾಯಿ ಸಾಕಿರುವ ನನ್ನಂಥವರಿಗೆ ಇಂಥ ಕೆಲಸ ಎಷ್ಟು ದೊಡ್ಡ ಆಸರೆಯೆಂಬುದನ್ನು ಬೇರೆ ಹೇಳಬೇಕಿಲ್ಲ.

ಪಶುವೈದ್ಯೆಯ ಸೇವೆಗೆ ಮರಳುತ್ತೇನೆ. ನೋವಿನ ಔಷಧಿ ಶುರುವಾಗಿ ಮೂರು ವಾರಗಳ ನಂತರವೇ ಅವರು ಕಲಿಕೆಯ ಮಾತೆತ್ತಿದರು. (ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು, ಐಬುಪ್ರೊಫೆನ್ ಅವುಗಳಿಗೆ ವಿಷ.) ನುಣುಪಾದ ಟೈಲ್ಸ್ ಮೇಲೆ ಚಾಪೆ ಹಾಸಿಸಿದರು, ಅವಳು ಮಲಗುವ ಜಾಗವನ್ನು ಓಡಾಟದ ದಾರಿಯಿಂದ ಮೂಲೆಗೆ ಸರಿಸಿದರು, ಬುಟ್ಟಿಯಾಕಾರದ ಮೂತಿಕುಕ್ಕೆಯೊಳಗೆ ಮೊಸರು ಸವರಿ ಅದನ್ನು ಗೌರಿ ತಾನಾಗಿಯೇ ತೊಟ್ಟುಕೊಳ್ಳುವಂತೆ ಮಾಡಿದರು. ಮಲಗಿರುವ ನಾಯಿಯ ಬಳಿಗೆ ಯಾರೂ ಹೋಗಬಾರದು, ಬೇಕಿದ್ದರೆ ಅವಳನ್ನೇ ಕರೆಯಬೇಕು ಎಂಬುದು ಮನೆಯ ನಿಯಮವಾಯಿತು. ಐದು ಭೇಟಿಗಳಿಗೆ ಹದಿನಾರು ಸಾವಿರ ರೂಪಾಯಿ ಆಯಿತು. ಎಕ್ಸ್‌-ರೇ ಮತ್ತು ಔಷಧಿಯ ಖರ್ಚು ಬೇರೆ. ಇದು ಸಣ್ಣ ಮೊತ್ತವಲ್ಲ. ಆದರೂ ಮೊದಲಿನ ಇಬ್ಬರಿಗೆ ಕೊಟ್ಟದ್ದನ್ನು ಒಟ್ಟುಗೂಡಿಸಿದರೆ ಇದಕ್ಕಿಂತ ಹೆಚ್ಚೇ ಆಗುತ್ತದೆ.

ಅವರ ಸೇವೆಯಲ್ಲಿ ಕೊರತೆಗಳೂ ಇವೆ. ವಾರದ ದಿನಗಳಲ್ಲಿ ಹಗಲು ಹೊತ್ತು ಮಾತ್ರ ಬರುತ್ತಾರೆ. ಕೆಲಸಕ್ಕೆ ಹೋಗುವವರು ಪ್ರತಿ ಸಲವೂ ರಜೆ ಹಾಕಬೇಕು. ಭೇಟಿಗೆ ಒಂದು ತಿಂಗಳು ಕಾಯಬೇಕಾಯಿತು, ಕಚ್ಚಿದ ನಾಯಿಯನ್ನು ಮನೆಯಲ್ಲಿಟ್ಟುಕೊಂಡು ಕಳೆಯುವ ಒಂದು ತಿಂಗಳು ಬಹಳ ದೀರ್ಘವಾದದ್ದು. ಎಲ್ಲಕ್ಕಿಂತ ದೊಡ್ಡ ಕೊರತೆ ಭಾಷೆಯದು. ಹನ್ನೊಂದು ಪುಟಗಳ ವರದಿ ಪೂರ್ತಿಯಾಗಿ ಇಂಗ್ಲಿಷಿನಲ್ಲಿತ್ತು. ಹಗಲೆಲ್ಲ ಗೌರಿಯ ಜೊತೆಗಿರುವವರು ನಮ್ಮ ಅತ್ತೆ, ಮತ್ತು ಅತ್ತೆಗೆ ಇಂಗ್ಲಿಷ್ ಬಾರದು. ನಾವು ಇದನ್ನು ಹೇಳಿದ ಮೇಲೆ ಅವರು, "ಅಮ್ಮಾ, ಇದು ಮೊದಲೇ ನನಗೆ ಹೊಳೀಬೇಕಿತ್ತು" ಎಂದು ಅತ್ತೆಯವರ ಬಳಿ ಕ್ಷಮೆ ಕೇಳಿ, ಪೂರ್ತಿ ವರದಿಯನ್ನು ಕನ್ನಡದಲ್ಲಿ ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಸಂದೇಶಗಳಾಗಿ ಕಳುಹಿಸಿದರು. ಅತ್ತೆ ಅವನ್ನು ಸೊಪ್ಪು ಬಿಡಿಸುತ್ತ ಮತ್ತೆಮತ್ತೆ ಕೇಳಿಸಿಕೊಂಡರು. ನಮಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸಿದವರೂ ಅವರೇ. ವರ್ತನೆಯ ಸಲಹೆಗಾರರು ಬರೆದುಕೊಡುವ ಯೋಜನೆಯನ್ನು ನಡೆಸುವವರು ಅನೇಕ ಮನೆಗಳಲ್ಲಿ ಹಣ ಕೊಡುವವರಲ್ಲ, ಮನೆಯಲ್ಲಿರುವ ಹಿರಿಯರು ಅಥವಾ ಕೆಲಸಕ್ಕೆ ಬರುವವರು. ಈ ವೃತ್ತಿಯಲ್ಲಿರುವವರೆಲ್ಲ ಕನ್ನಡದಲ್ಲಿ ವರದಿ ಕೊಡುವಂತಾಗಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಈ ಕೊರತೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೂ ಅವರಿಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ.

ಯಾರನ್ನಾದರೂ ಕರೆಸುವ ಮುನ್ನ ಫೋನಿನಲ್ಲೇ ಕೇಳಿ: ಇದಕ್ಕೂ ಮೊದಲು ನೀವು ಏನು ಕೆಲಸ ಮಾಡುತ್ತಿದ್ದಿರಿ, ಯಾರ ಬಳಿ ಕಲಿತಿರಿ, ಕಲಿಯುವಾಗ ಎಷ್ಟು ನಾಯಿಗಳನ್ನು ಕೈಯಾರೆ ನೋಡಿದಿರಿ, ಯಾವ ಪಶುವೈದ್ಯರ ಜೊತೆ ಸೇರಿ ಕೆಲಸ ಮಾಡುತ್ತೀರಿ, ನಿಮ್ಮಿಂದ ಆಗದೆಂದು ಕೊನೆಯದಾಗಿ ಯಾವ ನಾಯಿಯನ್ನು ಬೇರೆಯವರ ಬಳಿ ಕಳುಹಿಸಿದಿರಿ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದವರನ್ನು ನಾನಾಗಿದ್ದರೆ ಕರೆಸುವುದಿಲ್ಲ.

ಈಗ ಮಗ ಶಾಲೆಯಿಂದ ಬಂದವನು ಚಪ್ಪಲಿ ಸ್ಟ್ಯಾಂಡಿನ ಹತ್ತಿರವೇ ನಿಂತು ಒಂದು ಸಲ "ಗೌರೀ" ಎಂದು ಕರೆಯುತ್ತಾನೆ. ಹೆಚ್ಚಿನ ದಿನಗಳಲ್ಲಿ ಅವಳು ಮುಂಗಾಲು ಚಾಚಿ ಮೈಮುರಿದು, ಎಡಗಾಲನ್ನು ತುಸು ಎಳೆದುಕೊಂಡು ಅವನ ಬಳಿ ಬರುತ್ತಾಳೆ. ಬಾರದ ದಿನ ಅವನು ಇನ್ನೊಂದು ಸಲ ಕರೆಯದೆ ಪುಸ್ತಕದ ಚೀಲ ಎತ್ತಿಕೊಂಡು ಒಳಗಿನ ಕೋಣೆಗೆ ಹೋಗುತ್ತಾನೆ.