ಬೈಡೈ ಮೈಲಿಗಲ್ಲು: ಮಾಡ್ಯೂಲ್ ಲೆಕ್ಕವೋ, ಬಳಕೆ ಲೆಕ್ಕವೋ, ಟೆಸ್ಟ್ ಲೆಕ್ಕವೋ?

ವೆಬ್‌ಡ್ರೈವರ್ ಬೈಡೈ ಅಂದರೆ ಟೆಸ್ಟ್ ಪ್ರೋಗ್ರಾಂಗಳು ಹೊರಗಿನಿಂದ ಬ್ರೌಸರನ್ನು ಓಡಿಸಲು ಬಳಸುವ ಪ್ರೋಟೋಕಾಲ್. ಅದನ್ನು ಬ್ರೌಸರ್‌ಗೆ ಸೇರಿಸುವ ಕೆಲಸದಲ್ಲಿ ಮೈಲಿಗಲ್ಲುಗಳನ್ನು ಮೂರು ರೀತಿಯಲ್ಲಿ ಹಾಕಿ ನೋಡಿದ್ದೇನೆ. ನನ್ನ ಓಟು ಎರಡನೆಯದಕ್ಕೆ.

2018ರಲ್ಲಿ ವೆಬ್ ಮಾನದಂಡ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾದ ಹಳೆಯ ವೆಬ್‌ಡ್ರೈವರ್‌ನಲ್ಲಿ ಒಂದು ಎಚ್‌ಟಿಟಿಪಿ ರಿಕ್ವೆಸ್ಟ್, ಅದಕ್ಕೊಂದು ಉತ್ತರ, ಅಷ್ಟೇ. ಕೇಳದೆ ಬ್ರೌಸರ್ ಬಾಯಿ ಬಿಡುವುದಿಲ್ಲ. ಬೈಡೈನಲ್ಲಿ ವೆಬ್‌ಸಾಕೆಟ್ ಇದೆ, ಅಂದರೆ ಎರಡೂ ಕಡೆಯವರು ಯಾವಾಗ ಬೇಕಾದರೂ ಮಾತಾಡಬಹುದಾದ, ತೆರೆದೇ ಇರುವ ಸಂಪರ್ಕ. ಪುಟದಲ್ಲಿ ಏನಾದರೂ ಆದ ಕೂಡಲೇ ಬ್ರೌಸರ್ ತಾನೇ ಈವೆಂಟ್ ಕಳಿಸುತ್ತದೆ. ಪ್ಲಾನಿಂಗ್ ಕಷ್ಟವಾಗುವುದು ಈ ಈವೆಂಟ್‌ಗಳಿಂದಲೇ.

ಮೊದಲು ಮಾಡ್ಯೂಲ್ ಲೆಕ್ಕ: ಪ್ರೋಟೋಕಾಲಿನ ಒಂದೊಂದು ಭಾಗವನ್ನು, ಅಂದರೆ ಮಾಡ್ಯೂಲನ್ನು, ಸಾಲಾಗಿ ಮುಗಿಸುತ್ತಾ ಹೋಗುವುದು. ಸೆಷನ್ ಮಾಡ್ಯೂಲ್ ಮುಗಿಸು, ಆಮೇಲೆ ಬ್ರೌಸಿಂಗ್ ಕಾಂಟೆಕ್ಸ್ಟ್ (ಟ್ಯಾಬ್, ಫ್ರೇಮ್), ಆಮೇಲೆ ಸ್ಕ್ರಿಪ್ಟ್, ಲಾಗ್, ನೆಟ್‌ವರ್ಕ್. ಸ್ಪೆಕ್ (ಪ್ರೋಟೋಕಾಲಿನ ಅಧಿಕೃತ ವಿವರಣೆ) ಕೂಡ ಹಾಗೇ ವಿಂಗಡವಾಗಿದೆ. ಟಿಕೆಟ್ ಬರೆಯೋದು ಸುಲಭ, ಮ್ಯಾನೇಜರ್‌ಗೂ ಖುಷಿ. ಆದರೆ ಒಂದು ಮಾಡ್ಯೂಲ್ ಪೂರ್ತಿ ಮಾಡಲು ಹೊರಟರೆ, ಯಾರೂ ಕೇಳದ ಕಮಾಂಡ್‌ಗಳಿಗೇ ಜಾಸ್ತಿ ಸಮಯ ಹೋಗುತ್ತದೆ. ನಾವು ಪ್ರಿಂಟ್ ಕಮಾಂಡ್‌ನ ಮಾರ್ಜಿನ್ ಜೊತೆ ಗುದ್ದಾಡುತ್ತಿದ್ದೆವು. ಬಳಸುವವರು ಕಾಯುತ್ತಿದ್ದದ್ದು ಕನ್ಸೋಲ್ ಲಾಗ್‌ಗೆ, ಅಂದರೆ ಪುಟದ ಕೋಡ್ ಬರೆಯುವ ಸಂದೇಶಗಳಿಗೆ!

ಎರಡನೆಯದು ಬಳಕೆ ಲೆಕ್ಕ. 'ಟೆಸ್ಟ್ ಓಡುವಾಗ ಕನ್ಸೋಲ್‌ನಲ್ಲಿ ಬಂದದ್ದೆಲ್ಲ ನನಗೆ ಸಿಗಬೇಕು' ಅನ್ನುವುದೇ ಒಂದು ಮೈಲಿಗಲ್ಲು. ಕೇಳಲು ಪುಟ್ಟದು, ಅಲ್ವಾ? ಬಿಚ್ಚುತ್ತಾ ಹೋದರೆ ಗೊತ್ತಾಗುತ್ತದೆ. ಸೆಷನ್ ತೆರೆಯಬೇಕು, ಈವೆಂಟ್ ಕಳಿಸು ಅಂತ ಕೇಳುವ 'ಸೆಷನ್.ಸಬ್‌ಸ್ಕ್ರೈಬ್' ಬೇಕು, ಹೊಸ ಲಾಗ್ ಬಂತು ಅಂತ ಹೇಳುವ 'ಲಾಗ್.ಎಂಟ್ರಿಆಡೆಡ್' ಈವೆಂಟ್ ಬೇಕು. ಸಬ್‌ಸ್ಕ್ರೈಬ್ ಆಗುವ ಮೊದಲೇ ಬಂದ ಲಾಗ್‌ಗಳನ್ನು ಕೂಡಿಟ್ಟು ಆಮೇಲೆ ಕಳಿಸಬೇಕು. ಇನ್ನು ಯಾರಾದರೂ ಕನ್ಸೋಲ್‌ಗೆ ಸ್ಟ್ರಿಂಗ್ (ಬರೀ ಪಠ್ಯ) ಬದಲು ಡಾಮ್ ನೋಡನ್ನೋ (ಪುಟದ ಒಂದು ಅಂಶ), ತನ್ನನ್ನೇ ಒಳಗಿಟ್ಟುಕೊಂಡ ಆಬ್ಜೆಕ್ಟನ್ನೋ ಕೊಟ್ಟರೆ? ಅದನ್ನು ಕಳಿಸಬಲ್ಲ ಪಠ್ಯರೂಪವಾದ ಜೇಸನ್‌ಗೆ ಇಳಿಸುವ ಸೀರಿಯಲೈಸೇಶನ್ ಇರುವುದು ಸ್ಕ್ರಿಪ್ಟ್ ಮಾಡ್ಯೂಲಿನಲ್ಲಿ. ಹಾಗಾಗಿ ಲಾಗ್ ಅನ್ನು ಮುಟ್ಟಿದರೆ ಸ್ಕ್ರಿಪ್ಟ್‌ನ ಕಷ್ಟದ ತುಂಡೂ ಜೊತೆಗೇ ಬರುತ್ತದೆ. ಮಾಡ್ಯೂಲ್ ಲೆಕ್ಕದಲ್ಲಿ ಈ ನಂಟು ಕಾಣುವುದೇ ಇಲ್ಲ. ಇಲ್ಲಿ ಎಸ್ಟಿಮೇಟ್ ಹಾಕುವ ದಿನವೇ ಕಣ್ಣಿಗೆ ಬೀಳುತ್ತದೆ. ಎಸ್ಟಿಮೇಟ್ ದೊಡ್ಡದಾಗುತ್ತದೆ, ನಿಜ. ಆದರೆ ನಂಬುವಂತಿರುತ್ತದೆ.

ಮೂರನೆಯದು ಟೆಸ್ಟ್ ಲೆಕ್ಕ: ಬ್ರೌಸರ್ ಓಡಿಸುವ ಪಪೆಟಿಯರ್‌ನಂಥ ಲೈಬ್ರರಿಯ ಟೆಸ್ಟ್‌ಗಳಲ್ಲಿ ಎಷ್ಟು ಪಾಸ್ ಅಂತ ಗುರಿ ಇಡುವುದು. ಯಾವ ಟೆಸ್ಟ್ ಎಲ್ಲಿ ಫೇಲ್ ಆಗುತ್ತದೆ ಎಂಬ ಪಟ್ಟಿಯನ್ನು ಪಪೆಟಿಯರ್ ತನ್ನ ಕೋಡ್ ಜೊತೆಗೇ ಇಟ್ಟಿದೆ. ಹಾಗಾಗಿ ಎಣಿಸುವುದು ಸಲೀಸು. ಆದರೆ ಈ ಎಣಿಕೆ ಮೋಸದ್ದು. ಸೆಟಪ್‌ನಲ್ಲಿ ಸಿಕ್ಕಿಕೊಂಡ ಒಂದು ಸಣ್ಣ ವಿಷಯ ಸರಿಮಾಡಿದರೆ ಟೆಸ್ಟ್‌ಗಳು ರಾಶಿರಾಶಿಯಾಗಿ ಹಸಿರಾಗುತ್ತವೆ. ಕೊನೆಗೆ ಉಳಿಯುವ ನಾಲ್ಕೈದು ಅಲುಗಾಡುವುದೇ ಇಲ್ಲ. ಮುಂದೆ ಯಾವುದನ್ನು ಕೈಗೆತ್ತಿಕೊಳ್ಳಬೇಕು ಅಂತ ತಿಳಿಯಲು ಇದು ಚೆನ್ನ, ಗಡುವು ಹಾಕಲು ಸುಮ್ನೆ ತಲೆನೋವು.

ಈಗ ಬಳಕೆಯನ್ನೇ ಮೈಲಿಗಲ್ಲಾಗಿ ಇಡುತ್ತೇನೆ. ಅದಕ್ಕೆ ಸಂಬಂಧಪಟ್ಟ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್‌ಗಳು (ಎಲ್ಲ ಬ್ರೌಸರ್‌ಗಳೂ ಹಂಚಿಕೊಳ್ಳುವ ಟೆಸ್ಟ್‌ಗಳು) ಪಾಸಾಗದೆ ಅದನ್ನು ಮುಚ್ಚುವುದಿಲ್ಲ. ಬಳಕೆ ತೀರಾ ದೊಡ್ಡದಾದರೆ ಒಡೆಯುತ್ತೇನೆ. ನೆಟ್‌ವರ್ಕಿನಲ್ಲಿ ರಿಕ್ವೆಸ್ಟ್ ನೋಡುವುದು ಒಂದು, ತಡೆದು ಬದಲಿಸುವುದು ಇನ್ನೊಂದು. ತಡೆಯಲು ಸ್ಪೆಕ್ ಮೂರು ಹಂತ ಕೊಟ್ಟಿದೆ: ರಿಕ್ವೆಸ್ಟ್ ಹೊರಡುವ ಮೊದಲು, ರೆಸ್ಪಾನ್ಸ್ ಶುರುವಾದಾಗ, ಪಾಸ್‌ವರ್ಡ್ ಕೇಳಿದಾಗ. ಮೂರನೆಯದನ್ನು ನಾನು ಮುಂದಿನ ಮೈಲಿಗಲ್ಲಿಗೆ ತಳ್ಳುತ್ತೇನೆ.