ಅಂಗಡಿ ಲೆಕ್ಕಕ್ಕೆ ಅಗ್ಗದ ಮೊಬೈಲಾ, ಹಳೇ ಕಂಪ್ಯೂಟರಾ?

ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ, ಲೆಕ್ಕ ಯಾವುದರಲ್ಲಿ ಇಡಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಮೊಬೈಲೇ ಹಗುರ. ಲೆಕ್ಕದ ಹಾಳೆ ಬರೆಯುವ ಗೂಗಲ್ ಶೀಟ್ಸ್ ಆ್ಯಪ್‌ಗೆ ದುಡ್ಡಿಲ್ಲ. ಡ್ರೈವ್, ಜಿಮೇಲ್, ಫೋಟೋ ಎಲ್ಲ ಸೇರಿ 15 ಜಿಬಿ ಜಾಗ ಪುಕ್ಕಟೆ. ಬರೆದದ್ದು ನೆಟ್ ಮೂಲಕ ಗೂಗಲ್‌ನಲ್ಲೇ ಇರುವುದರಿಂದ ಫೋನ್ ಕಳೆದರೂ ಲೆಕ್ಕ ಉಳಿಯುತ್ತದೆ, ಮಿಲ್ಲಿನಲ್ಲಿರುವ ತಮ್ಮನೂ ಅದೇ ಹಾಳೆ ತೆರೆದು ನೋಡಬಹುದು. ಪಾಸ್‌ವರ್ಡ್ ಮರೆತರೆ ಮಾತ್ರ ಪೇಚಾಟ! ನೆಟ್ ಹೋದಾಗಲೂ ಬರೆಯಬೇಕಾ? ಆ ಹಾಳೆಗೆ ಮೊದಲೇ ಆಫ್‌ಲೈನ್ ಆನ್ ಮಾಡಿಡಿ. 2 ಜಿಬಿ ರ‍್ಯಾಮ್ (ಫೋನ್ ಕೆಲಸ ಮಾಡುವಾಗ ಬಳಸುವ ಮೆಮೊರಿ) ಇರುವ ಫೋನ್ ದೊಡ್ಡ ಹಾಳೆಗೆ ತಿಣುಕುತ್ತದೆ, ಸುಮ್ನೆ 4 ಜಿಬಿಯದ್ದೇ ತಗೊಳ್ಳಿ.

ಕಂಪ್ಯೂಟರಿಗೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಕರೆಂಟ್ ಬೇಕು. ಡಿಸ್ಕ್ ಕೆಟ್ಟಾಗ ಪೆನ್‌ಡ್ರೈವ್‌ನಲ್ಲಿ ನಕಲಿಲ್ಲ ಅಂದರೆ ಎಲ್ಲಾ ಹೋಯಿತು. ಆದರೆ ದಿನವಿಡೀ ಬಿಲ್, ಜಿಎಸ್‌ಟಿ ಕೆಲಸ ಇದ್ದರೆ ಕೀಬೋರ್ಡೇ ಲೇಸು. ಬರೀ ಉದ್ರಿ ಲೆಕ್ಕವಾದರೆ ಫೋನ್ ಧಾರಾಳ ಸಾಕು.